ಹಳೇ ಲ್ಯಾಪ್‌ಟಾಪ್, ಹೊಸ ಎಸ್‌ಎಸ್‌ಡಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯದ್ದು, ಹಾರ್ಡ್ ಡಿಸ್ಕ್ ತೆಗ್ದು ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ದೆ ಚಿಪ್ಪಲ್ಲೇ ಡೇಟಾ ಇಡೋ ವೇಗದ ಡಿಸ್ಕ್) ಹಾಕಿದ್ವಿ, ಈಗ ಏನೋ ತಕರಾರು ಅಂತ. ಹಾಗಾಗಿ ಮೊಬೈಲು, ಪ್ರಿಂಟರು ಎಲ್ಲಾ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಎತ್ಕೊಂಡಿದೇನೆ. ಮೊದ್ಲೇ ಹೇಳ್ಬಿಡ್ತೇನೆ, ಎಸ್‌ಎಸ್‌ಡಿಯೇ ಹಾಳಾಗಿದೆ ಅಂತ ನಂಗೆ ಅನ್ಸಿದ ಕಾಗದ ಇದ್ರಲ್ಲಿ ಒಂದೂ ಇಲ್ಲ, ಆದ್ರೆ ಬೈಸ್ಕೊಂಡಿದ್ದು ಮಾತ್ರ ಎಲ್ಲಾ ಕಡೆ ಅದೇ.

ಶಿರಸಿ ಹತ್ರದ ಹಳ್ಳಿಯಿಂದ: ಸರ್, ನಮ್ದು ಸುಮಾರು ಹನ್ನೆರಡು ವರ್ಷ ಹಳೇ ಲ್ಯಾಪ್‌ಟಾಪ್, ಬ್ಯಾಟರಿ ಸತ್ತು ಯಾವ ಕಾಲ ಆಯ್ತೋ, ಚಾರ್ಜರ್ ಹಾಕೇ ಓಡ್ಸೋದು. ಪ್ಯಾಟೇಲಿ ಎಸ್‌ಎಸ್‌ಡಿ ಹಾಕ್ಸಿದ್ವಿ, ಅಂಗಡಿಯವ್ರೇ ಹೊಸ್ದಾಗಿ ವಿಂಡೋಸ್ ಹಾಕ್ಕೊಟ್ರು. ದಿನವಿಡೀ ಚೆನ್ನಾಗಿ ಓಡ್ತದೆ, ರಾತ್ರಿ ಕರೆಂಟ್ ಹೋಯ್ತು ಅಂದ್ರೆ ಬೆಳಿಗ್ಗೆ ‘ನೋ ಬೂಟೆಬಲ್ ಡಿವೈಸ್’, ಅಂದ್ರೆ ಶುರು ಮಾಡೋಕೆ ಡಿಸ್ಕೇ ಸಿಗ್ತಿಲ್ಲ ಅಂತ. ಅಂಗಡಿಗೆ ಒಯ್ದ್ರೆ ಏನೋ ಎರಡು ಬಟನ್ ಒತ್ತಿ ಸರಿ ಮಾಡ್ತಾರೆ, ಮನೆಗೆ ತಂದ್ರೆ ಮತ್ತೆ ಅದೇ ಕತೆ. ಎಸ್‌ಎಸ್‌ಡಿ ಒಂದ್ಸಲ ಬದಲಾಯ್ಸಿದ್ದೂ ಆಯ್ತು. ಇನ್ನೊಂದು, ಬ್ಯಾಂಕಿನ ಪುಟ ತೆಗೆದ್ರೆ ‘ಕನೆಕ್ಷನ್ ಪ್ರೈವೇಟ್ ಅಲ್ಲ’ ಅಂತ ಬರ್ತದೆ, ಅದೂ ಇದಕ್ಕೇ ಸಂಬಂಧವಾ?

ಉತ್ತರ: ಕೊನೇಗೆ ಸೇರ್ಸಿದ್ರಲ್ಲ ಬ್ಯಾಂಕಿನ ಸಾಲು, ಅದ್ರಲ್ಲೇ ಉತ್ತರ ಇದೆ ಮಾರಾಯ್ರೆ. ಬೆಳಿಗ್ಗೆ ಎರರ್ ಬಂದಾಗ ಎಫ್2 ಅಥ್ವಾ ಎಫ್10 ಒತ್ತಿ ಬಯೋಸ್ (ವಿಂಡೋಸಿಗೂ ಮೊದ್ಲು ಏಳೋ, ಬೋರ್ಡಿನೊಳಗಿನ ಸಣ್ಣ ಸಾಫ್ಟ್‌ವೇರ್) ಒಳಗೆ ಹೋಗಿ, ಅಲ್ಲಿ ತಾರೀಖು ಏನಿದೆ ನೋಡಿ. ಲ್ಯಾಪ್‌ಟಾಪ್ ಹುಟ್ಟಿದ ವರ್ಷದ ಜನವರಿ 1 ತೋರಿಸ್ತಿದ್ರೆ ಒಳಗಿನ ಸಣ್ಣ ನಾಣ್ಯದ ಬ್ಯಾಟರಿ ಖಾಲಿ. ಗೋಡೆ ಕರೆಂಟೂ ಇಲ್ಲ, ದೊಡ್ಡ ಬ್ಯಾಟರಿಯೂ ಇಲ್ಲ ಅಂದಾಗ ಗಡಿಯಾರ ಮತ್ತೆ ಬಯೋಸ್ ಸೆಟ್ಟಿಂಗ್ ಎರಡನ್ನೂ ಹಿಡ್ಕೊಂಡಿರೋದು ಅದೊಂದೇ. ತಾರೀಖು ಹಿಂದೆ ಹೋದ್ರೆ ಬ್ಯಾಂಕಿನ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ಲೆಕ್ಕ ಹಾಕ್ತದೆ, ಅದಕ್ಕೆ ಆ ಎಚ್ಚರಿಕೆ.

ಹಾಗಾದ್ರೆ ಹಳೇ ಡಿಸ್ಕ್ ಇದ್ದಾಗ ಯಾಕೆ ಹೀಗೆ ಆಗ್ತಿರ್ಲಿಲ್ಲ ಅಂತ ಕೇಳ್ಬಹುದು. ಆವಾಗ್ಲೂ ಸೆಟ್ಟಿಂಗ್ ಅಳಿಸಿ ಹೋಗ್ತಿತ್ತೋ ಏನೋ, ಆದ್ರೆ ಹಳೇ ವಿಂಡೋಸ್ ಹಾಕಿದ್ದು ಕಂಪನಿ ಕೊಟ್ಟ ಡಿಫಾಲ್ಟ್ ಸೆಟ್ಟಿಂಗಲ್ಲೇ, ಅಂದ್ರೆ ಲೆಗಸಿ ಅನ್ನೋ ಹಳೇ ಪದ್ಧತಿಯ ಬೂಟ್ ಮೋಡಲ್ಲಿ, ಹಾಗಾಗಿ ಅಳಿಸಿದ್ರೂ ಉಳಿದ್ರೂ ಒಂದೇ. ಈಗ ಅಂಗಡಿಯವ್ರು ಯುಇಎಫ್‌ಐ ಅನ್ನೋ ಹೊಸ ಪದ್ಧತಿಯ ಮೋಡಿಗೆ ಬದಲಾಯ್ಸಿ ಎಸ್‌ಎಸ್‌ಡಿ ಮೇಲೆ ವಿಂಡೋಸ್ ಹಾಕಿದಾರೆ, ಅದು ತಪ್ಪಲ್ಲ, ಆದ್ರೆ ರಾತ್ರಿ ಕರೆಂಟ್ ಹೋದ ಕೂಡ್ಲೆ ಬಯೋಸ್ ವಾಪಸ್ ಲೆಗಸಿಗೆ ಹೋಗ್ತದೆ, ಲೆಗಸಿ ಮೋಡಿಗೆ ನಿಮ್ಮ ಹೊಸ ವಿಂಡೋಸ್ ಕಾಣೋದೇ ಇಲ್ಲ. ಅಂಗಡಿಯವ್ರು ಒತ್ತೋ ಆ ಎರಡು ಬಟನ್ ಅಂದ್ರೆ ಮೋಡ್ ಮತ್ತೆ ಯುಇಎಫ್‌ಐ ಮಾಡೋದು, ಅಷ್ಟೇ. ಸಾಟಾ ಮೋಡ್ (ಬೋರ್ಡು ಡಿಸ್ಕ್ ಜತೆ ಮಾತಾಡೋ ರೀತಿ) ಅಂತ ಇನ್ನೊಂದು ಸಾಲು ಇರ್ತದೆ, ಎಎಚ್‌ಸಿಐ ಅಂತ ಇದ್ದದ್ದು ಐಡಿಇ ಅಥ್ವಾ ರೇಡ್ ಆಗಿದ್ರೂ ಬೇರೆ ಎರರ್ ಬಂದು ಇದೇ ಫಜೀತಿ.

ಬ್ಯಾಟರಿ ಹೆಚ್ಚಿನವಕ್ಕೆ ಸಿಆರ್2032, ವಾಚಿನ ಅಂಗಡೀಲೂ ಸಿಗ್ತದೆ. ಆದ್ರೆ ಬಹಳ ಲ್ಯಾಪ್‌ಟಾಪಲ್ಲಿ ಅದು ಬಿಡಿಯಾಗಿ ಇರೋದಿಲ್ಲ, ಕಪ್ಪು ಪ್ಲಾಸ್ಟಿಕ್ ಸುತ್ತಿ ಎರಡು ಸಣ್ಣ ವೈರು, ತುದೀಲಿ ಬಿಳೀ ಕನೆಕ್ಟರ್ ಇರ್ತದೆ, ಅಂಥದ್ದೇ ತರಬೇಕು. ಹೊಸದು ಮೂರು ವೋಲ್ಟ್ ತೋರಿಸ್ತದೆ, ನಿಮ್ದು ಮೀಟರಲ್ಲಿ ಎರಡೂವರೆಗಿಂತ ಕೆಳಗಿದ್ರೆ ಅದ್ರ ಕತೆ ಮುಗೀತು. ಒಂದು ಎಚ್ಚರಿಕೆ: ಹಳೇದ್ರ ಮೇಲೆ ಎಂಎಲ್ ಅಂತ ಬರೆದಿದ್ರೆ ಅದು ಚಾರ್ಜ್ ಆಗೋ ಜಾತಿ, ಅಲ್ಲಿಗೆ ಎಂಎಲ್ಲೇ ಹಾಕ್ಬೇಕು, ಸಿಆರ್ ಹಾಕಿದ್ರೆ ಚಾರ್ಜ್ ಆಗಬಾರದ ಸೆಲ್ಲಿಗೆ ಲ್ಯಾಪ್‌ಟಾಪು ಚಾರ್ಜ್ ಕೊಡ್ತಾ ಹೋಗ್ತದೆ, ಉಬ್ಬಿ ಒಡೆಯೋ ಸಾಧ್ಯತೆ ಇದೆ. ಹಾಕಿದ್ಮೇಲೆ ತಾರೀಖು, ಯುಇಎಫ್‌ಐ, ಎಎಚ್‌ಸಿಐ ಮೂರೂ ಸರಿ ಮಾಡಿ ಸೇವ್ ಮಾಡಿ, ಚಾರ್ಜರ್ ಕಿತ್ತು ಒಂದು ರಾತ್ರಿ ಇಟ್ಟು ನೋಡಿ. ಎರಡನೇ ಎಸ್‌ಎಸ್‌ಡಿಗೆ ಕೊಟ್ಟ ದುಡ್ಡಿನ ಬಗ್ಗೆ ನಾನೇನೂ ಹೇಳೋದಿಲ್ಲ.

ಕಾರವಾರದಿಂದ ಕಾಲೇಜು ಹುಡುಗ: ಅಣ್ಣಾ, ನನ್ನ 2014ರ ಲ್ಯಾಪ್‌ಟಾಪಲ್ಲಿ ಎಂ.2 ಸ್ಲಾಟ್ ಇದೆ ಅಂತ ಗೊತ್ತಾಗಿ ಆನ್‌ಲೈನಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ತರಿಸ್ದೆ, ಬಯೋಸಲ್ಲಿ ಕಾಣ್ತಾನೇ ಇಲ್ಲ. ಸ್ವಲ್ಪ ಒತ್ತಿ ಹಾಕ್ಬೇಕಾಯ್ತು.

ಉತ್ತರ: ಒತ್ತಿ ಹಾಕ್ಬೇಕಾಯ್ತು ಅಂದ ಕೂಡ್ಲೆ ಎದೆ ಧಸಕ್ ಅಂತು ತಮ್ಮಾ. ಮೊದ್ಲು ತೆಗ್ದು ಸ್ಲಾಟಿನ ಪಿನ್ ಬಗ್ಗಿದ್ಯಾ ನೋಡು. ಎಂ.2 ಅನ್ನೋದು ಸ್ಲಾಟಿನ ಆಕಾರದ ಹೆಸರು ಮಾತ್ರ, ಅದ್ರೊಳಗೆ ಸಾಟಾನೂ (ಹಾರ್ಡ್ ಡಿಸ್ಕಿನ ಹಳೇ ದಾರಿ) ಬರ್ಬಹುದು ಎನ್‌ವಿಎಂಇನೂ (ಹೊಸ, ವೇಗದ ದಾರಿ) ಬರ್ಬಹುದು, ಆ ಕಾಲದ ಲ್ಯಾಪ್‌ಟಾಪಲ್ಲಿ ಹೆಚ್ಚಾಗಿ ಸಾಟಾ ಒಂದೇ, ಕೆಲವಕ್ಕಂತೂ ಅದು ವೈಫೈ ಅಥ್ವಾ ಸಿಮ್ ಕಾರ್ಡಿನ ಮೋಡೆಮ್ ಸ್ಲಾಟ್, ಡಿಸ್ಕಿಗೆ ಅಲ್ವೇ ಅಲ್ಲ. ಎಸ್‌ಎಸ್‌ಡಿಯ ಚಿನ್ನದ ಬಣ್ಣದ ಅಂಚಲ್ಲಿ ಕಚ್ಚು ನೋಡು. ಒಂದೇ ಕಚ್ಚು ಇದ್ರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ರೆ ಹೆಚ್ಚಾಗಿ ಸಾಟಾ, ಆದ್ರೆ ಎರಡು ಕಚ್ಚಿನ ಎನ್‌ವಿಎಂಇಯೂ ಇರೋದ್ರಿಂದ ಕಚ್ಚು ನೋಡಿ ಕೊಳ್ಳೋದಲ್ಲ, ಲೇಬಲ್ ಓದಿ ಕೊಳ್ಳೋದು. ಉದ್ದನೂ ನೋಡು, 2280 ಅಂದ್ರೆ 22 ಮಿ.ಮೀ. ಅಗಲ 80 ಮಿ.ಮೀ. ಉದ್ದ, 2242 ಸ್ಲಾಟಿಗೆ ಅದು ಕೂರೋದಿಲ್ಲ.

ಸ್ಲಾಟ್ ಒಪ್ಪಿದ್ರೂ ಅಷ್ಟು ಹಳೇ ಬಯೋಸಿಗೆ ಎನ್‌ವಿಎಂಇಯಿಂದ ಬೂಟ್ ಆಗೋದು ಗೊತ್ತಿರೋದಿಲ್ಲ. ಮಾಡಿಫೈ ಮಾಡಿದ ಬಯೋಸ್ ಹಾಕು ಅಂತ ಯಾರಾದ್ರೂ ವೀಡಿಯೋದಲ್ಲಿ ಹೇಳ್ತಾರೆ, ಬೇಡ, ಪರೀಕ್ಷೆ ಹತ್ರ ಇದ್ದಾಗ ಅದಂತೂ ಬೇಡ. ವಾಪಸ್ ಕೊಡೋಕಾದ್ರೆ ಕೊಟ್ಟು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಗೋ, ಆಗದಿದ್ರೆ ಒಂದು ಎನ್‌ವಿಎಂಇ ಯುಎಸ್‌ಬಿ ಕೇಸ್ ತಗೊಂಡು ಅದ್ರಲ್ಲಿ ಹಾಕಿ ಪೆನ್‌ಡ್ರೈವ್ ತರ ಬಳಸು.

ಅಂಕೋಲೆಯಿಂದ: ನಮ್ಮ ಝೆರಾಕ್ಸ್ ಅಂಗಡಿ ಲ್ಯಾಪ್‌ಟಾಪಿಗೆ ಎರಡೂವರೆ ಇಂಚಿನ ಎಸ್‌ಎಸ್‌ಡಿಯನ್ನ ನಾನೇ ಹಾಕ್ದೆ. ಬಯೋಸಲ್ಲಿ ಇಲ್ಲವೇ ಇಲ್ಲ. ಹಳೇ ಡಿಸ್ಕ್ ಹಾಕಿದ್ರೆ ಕಾಣ್ತದೆ. ಕೇಳಿದ್ರೆ ‘ನಿಮ್ಮ ಲ್ಯಾಪ್‌ಟಾಪ್ ಎಸ್‌ಎಸ್‌ಡಿ ಸಪೋರ್ಟ್ ಮಾಡೋದಿಲ್ಲ’ ಅಂದ್ರು.

ಉತ್ತರ: ಸಾಟಾ ಹಾರ್ಡ್ ಡಿಸ್ಕ್ ಹಿಡಿಯೋ ಲ್ಯಾಪ್‌ಟಾಪ್ ಸಾಟಾ ಎಸ್‌ಎಸ್‌ಡಿನೂ ಹಿಡೀತದೆ, ಬಯೋಸಿಗೆ ಅದೂ ಒಂದು ಡಿಸ್ಕ್ ಅಷ್ಟೇ. ‘ಸಪೋರ್ಟ್ ಮಾಡೋದಿಲ್ಲ’ ಅಂದ್ರೆ ಅವ್ರಿಗೆ ಕಾರಣ ಸಿಕ್ಕಿಲ್ಲ ಅಂತ ಅರ್ಥ ಮಾಡ್ಕೊಳಿ.

ನೀವು ತೆಗೆದಿಟ್ಟ ಹಳೇ ಡಿಸ್ಕನ್ನ ಬೆಳಕಿಗೆ ಹಿಡಿದು ಪಿನ್ನಿರೋ ಕಡೆ ನೋಡಿ. ಅಲ್ಲಿ ಬೆರಳಗಲದ ಒಂದು ತೆಳ್ಳಗಿನ ಕಪ್ಪು ಪ್ಲಾಸ್ಟಿಕ್ ತುಂಡು ಸಿಕ್ಕಿಸ್ಕೊಂಡಿದ್ಯಾ? ಹಳೇ ಲ್ಯಾಪ್‌ಟಾಪ್ ಎಷ್ಟೋ ಮಾಡೆಲಲ್ಲಿ ಡಿಸ್ಕಿಗೂ ಬೋರ್ಡಿಗೂ ನಡುವೆ ಹೀಗೊಂದು ಕನೆಕ್ಟರ್ ತುಂಡು ಇರ್ತದೆ, ಡಿಸ್ಕಿನದ್ದೇ ಭಾಗ ಅನ್ನೋ ಹಾಗೆ ಗಟ್ಟಿ ಕೂತಿರ್ತದೆ, ಅದನ್ನ ಉಗುರಲ್ಲಿ ಎರಡೂ ಬದಿಯಿಂದ ಸ್ವಲ್ಪಸ್ವಲ್ಪ ಎಬ್ಬಿಸಿ ಕಿತ್ತು ಎಸ್‌ಎಸ್‌ಡಿಗೆ ಹಾಕ್ಬೇಕು. ಹಳೇ ಡಿಸ್ಕ್ ಹಾಕಿದ್ರೆ ಕಾಣ್ತದೆ, ಹೊಸದು ಕಾಣೋದಿಲ್ಲ ಅಂದಾಗ ನಾನು ಮೊದ್ಲು ನೋಡೋದು ಇದನ್ನೇ. ಎರಡನೇದು ದಪ್ಪ. ಹಳೇ ಡಿಸ್ಕ್ 9.5 ಮಿ.ಮೀ., ಎಸ್‌ಎಸ್‌ಡಿ 7 ಮಿ.ಮೀ., ಹಾಗಾಗಿ ಗೂಡಲ್ಲಿ ಕೆಳಗೆ ಇಳಿದು ಪಿನ್ನಿಗೆ ಸರಿಯಾಗಿ ಸಿಗೋದಿಲ್ಲ. ಹಳೇ ಡಿಸ್ಕಿನ ತಗಡಿನ ಬ್ರಾಕೆಟ್ಟಿಗೇ ಎಸ್‌ಎಸ್‌ಡಿ ಸ್ಕ್ರೂ ಮಾಡಿ ಹಾಕಿ, ಬಾಕ್ಸಲ್ಲಿ ಪ್ಲಾಸ್ಟಿಕ್ ಚೌಕಟ್ಟು ಕೊಟ್ಟಿದ್ರೆ ಅಂಟಿಸಿ.

ಕರಾವಳಿಯವ್ರು ಮೂರನೇದೊಂದು ನೋಡ್ಲೇಬೇಕು. ಉಪ್ಪು ಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆಯ ಥಂಡಿ, ಪಿನ್ ಮೇಲೆ ಹಸಿರೋ ಬಿಳಿಯೋ ಪುಡಿ ಕೂತಿರ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿಗೆ ಮೆತ್ತನೆ ಬ್ರಷ್ ಅದ್ದಿ ಉಜ್ಜಿ, ಪೂರ್ತಿ ಒಣಗ್ಲಿ, ಆಮೇಲೆ ಹಾಕಿ. ಡಬ್ಲ್ಯೂಡಿ 40 ಹೊಡೀಬೇಡಿ, ಬಾಗಿಲಿನ ತಿರುಗಣೆಗೆ ಹೊಡಿಯೋದು ಅದು. ಡಿಸ್ಕ್ ಕಾಣಿಸಿ ನಡುನಡುವೆ ಹ್ಯಾಂಗ್ ಆದ್ರೆ ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಸಿ7 ಅನ್ನೋ ಸಾಲು ನೋಡಿ, ಸಿಆರ್‌ಸಿ ಎರರ್ ಲೆಕ್ಕ, ಅಂದ್ರೆ ದಾರೀಲಿ ಡೇಟಾ ಎಷ್ಟು ಸಲ ಕೆಟ್ಟಿತು ಅಂತ. ದಿನಾ ಏರ್ತಿದ್ರೆ ಕೇಬಲ್ಲೋ ಪಿನ್ನೋ ತೊಂದ್ರೆ, ಎಸ್‌ಎಸ್‌ಡಿ ಅಲ್ಲ.

ಬಯೋಸಲ್ಲಿ ಕಾಣ್ತದೆ ಆದ್ರೆ ವಿಂಡೋಸಿನ ‘ದಿಸ್ ಪಿಸಿ’ಯಲ್ಲಿ ಇಲ್ಲ ಅನ್ನೋರಿಗೂ ಇಲ್ಲೇ ಹೇಳಿಬಿಡ್ತೇನೆ: ಹೊಸ ಖಾಲಿ ಎಸ್‌ಎಸ್‌ಡಿ ಹಾಗೇ ಇರೋದು, ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಇನಿಷಿಯಲೈಸ್ ಮಾಡಿ, ಹೊಸ ವಾಲ್ಯೂಮ್ ಮಾಡ್ಬೇಕು. ಡೇಟಾ ಇದ್ದ ಡಿಸ್ಕಿಗೆ ಅದೇ ಪ್ರಶ್ನೆ ಕೇಳಿದ್ರೆ ಮಾತ್ರ ಕ್ಯಾನ್ಸಲ್.

ಭಟ್ಕಳದಿಂದ: 512 ಜಿಬಿ ತಗೊಂಡ್ರೆ 476 ತೋರಿಸ್ತದೆ, ಮೋಸವಾ?

ಉತ್ತರ: ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಅಳೀತದೆ, ವಿಂಡೋಸ್ 1024ರ ಲೆಕ್ಕದಲ್ಲಿ. 476 ಸರಿಯಾಗೇ ಇದೆ. ಮೋಸ ಇರೋದು ಎರಡು ಟಿಬಿ ಎಸ್‌ಎಸ್‌ಡಿ ಸಾವಿರ ರೂಪಾಯಿಗೆ ಅಂತ ಮಾರ್ತಾರಲ್ಲ, ಅಲ್ಲಿ.

ಹೊನ್ನಾವರದಿಂದ ಒಬ್ಬ ಟೀಚರ್: ಯುಎಸ್‌ಬಿ ಕೇಸಲ್ಲಿ ಎಸ್‌ಎಸ್‌ಡಿ ಹಾಕಿ ಹಳೇ ಡಿಸ್ಕನ್ನ ಅದಕ್ಕೆ ಕ್ಲೋನ್ (ಇದ್ದಂಗೇ ನಕಲು) ಮಾಡ್ದೆ, ನೂರು ಪರ್ಸೆಂಟ್ ಸಕ್ಸಸ್ ಅಂತು. ಒಳಗೆ ಹಾಕಿದ್ರೆ ಕಪ್ಪು ಪರದೆ, ಒಂದು ಗೆರೆ ಮಿಣುಕ್ತದೆ ಅಷ್ಟೇ. ಒಂದ್ಸಲ ನೀಲಿ ಪರದೇಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತಲೂ ಬಂತು.

ಉತ್ತರ: ಅಕ್ಕೋರೆ, ಎರಡೂ ಬೇರೆಬೇರೆ ಕಾಯಿಲೆ. ಕಪ್ಪು ಪರದೆ ಅಂದ್ರೆ ಬಯೋಸಿಗೆ ವಿಂಡೋಸ್ ಶುರು ಮಾಡೋ ಫೈಲೇ ಸಿಕ್ಕಿಲ್ಲ. ಸಾಮಾನ್ಯವಾಗಿ ಜನ ಸಿ ಡ್ರೈವ್ ಒಂದಕ್ಕೇ ಟಿಕ್ ಹಾಕಿ ಕ್ಲೋನ್ ಮಾಡ್ತಾರೆ, ಅದ್ರ ಪಕ್ಕ ಹೆಸರಿಲ್ಲದ ನೂರು ಎಂಬಿ ಆಸುಪಾಸಿನ ಸಣ್ಣ ಪಾರ್ಟಿಷನ್ (ಡಿಸ್ಕಿನ ಒಂದು ಪಾಲು) ಇರ್ತದೆ, ಬೂಟ್ ಫೈಲೆಲ್ಲ ಅಲ್ಲಿರೋದು. ಬೀಗದ ಕೈ ಹಳೇ ಮನೇಲೇ ಬಿಟ್ಟು ಸಾಮಾನೆಲ್ಲ ಹೊಸ ಮನೆಗೆ ಸಾಗಿಸ್ದಂಗೆ. ಮತ್ತೊಮ್ಮೆ ಕ್ಲೋನ್ ಮಾಡಿ, ಈ ಸಲ ಇಡೀ ಡಿಸ್ಕ್ ಆರಿಸಿ. ಹಳೇ ಡಿಸ್ಕ್ ದೊಡ್ಡದು ಎಸ್‌ಎಸ್‌ಡಿ ಸಣ್ಣದು ಅಂತಾದ್ರೆ ಮೊದ್ಲು ಫೋಟೋ ವೀಡಿಯೋ ಬೇರೆ ಕಡೆ ಸಾಗಿಸಿ ಪಾರ್ಟಿಷನ್ ಕುಗ್ಗಿಸ್ಕೊಳಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಆನ್ ಇದ್ರೆ ಕ್ಲೋನಿಗೆ ಮೊದ್ಲು ಪೂರ್ತಿ ಆಫ್ ಮಾಡಿ, 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಕೊಳಿ.

ನೀಲಿ ಪರದೆ ಅಂದ್ರೆ ವಿಂಡೋಸ್ ಎದ್ದಿದೆ, ಆದ್ರೆ ತಾನು ಕೂತ ಡಿಸ್ಕನ್ನೇ ಓದೋಕೆ ಡ್ರೈವರ್ ಸಿಕ್ಕಿಲ್ಲ. ಬಯೋಸಲ್ಲಿ ಸಾಟಾ ಮೋಡ್ ಹಳೇ ಡಿಸ್ಕ್ ಇದ್ದಾಗ ಏನಿತ್ತೋ ಅದೇ ಇದ್ಯಾ ನೋಡಿ, ಕಪ್ಪು ಪರದೆ ಕಂಡು ಗಾಬರಿಗೆ ನೀವೇ ಬದಲಾಯ್ಸಿರ್ಬಹುದು. ಎಎಚ್‌ಸಿಐಗೇ ಹೋಗ್ಬೇಕು ಅಂದ್ರೆ ದಾರಿ ಇದೆ: ಎಂಎಸ್‌ಕಾನ್ಫಿಗ್ ಅನ್ನೋ ವಿಂಡೋಸ್ ಸೆಟ್ಟಿಂಗಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡ್ತಾ ಬಯೋಸಿಗೆ ಹೋಗಿ ಮೋಡ್ ಬದಲಾಯ್ಸಿ, ಸೇಫ್ ಮೋಡಲ್ಲಿ ಒಂದ್ಸಲ ಎದ್ದ ಮೇಲೆ ಟಿಕ್ ತೆಗೀರಿ, ಡ್ರೈವರ್ ತಾನೇ ಕೂರ್ತದೆ. ಮೊದಲನೇ ಸಲ ಬೂಟ್ ಮಾಡುವಾಗ ಹಳೇ ಡಿಸ್ಕ್ ಯುಎಸ್‌ಬಿಯಲ್ಲೂ ಚುಚ್ಚಿರಬಾರ್ದು, ಎರಡಕ್ಕೂ ಒಂದೇ ಗುರುತು ಇರೋದ್ರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನ ಆಫ್‌ಲೈನ್ ಮಾಡಿ ಕೂರಿಸ್ತದೆ.

ಯಲ್ಲಾಪುರದಿಂದ: ಅಪ್ಪಯ್ಯನ ಲ್ಯಾಪ್‌ಟಾಪಲ್ಲಿ ಇಪ್ಪತ್ತು ವರ್ಷದ ತಾಳಮದ್ದಲೆ ರೆಕಾರ್ಡಿಂಗ್ ಇದೆ, ಅಡಿಕೆ ಲೆಕ್ಕನೂ ಇದೆ. ನಿಧಾನ ಆಯ್ತು ಅಂತ ಎಸ್‌ಎಸ್‌ಡಿಗೆ ಕ್ಲೋನ್ ಮಾಡ್ಲಿಕ್ಕೆ ಹೋದ್ರೆ ಅರುವತ್ತು ಪರ್ಸೆಂಟಿಗೆ ನಿಂತು ಎರರ್ ಕೊಡ್ತದೆ. ಡಿಸ್ಕ್ ಟಕ್ ಟಕ್ ಅಂತದೆ. ಚೆಕ್‌ಡಿಸ್ಕ್ ಓಡ್ಸು ಅಂತ ಒಬ್ರು, ಫ್ರಿಜ್ಜಲ್ಲಿಡು ಅಂತ ಇನ್ನೊಬ್ರು.

ಉತ್ತರ: ಎರಡೂ ಮಾಡ್ಬೇಡಿ ತಂಗಿ. ಇದನ್ನ ಓದ್ತಿರೋ ಹೊತ್ತಿಗೆ ಲ್ಯಾಪ್‌ಟಾಪ್ ಆನ್ ಇದ್ರೆ ಮೊದ್ಲು ಆಫ್ ಮಾಡಿ, ಆಮೇಲೆ ಮುಂದೆ ಓದಿ.

ಲ್ಯಾಪ್‌ಟಾಪ್ ನಿಧಾನ ಆಗಿದ್ದು ಹಳೇದಾಗಿದ್ದಕ್ಕಲ್ಲ, ಡಿಸ್ಕ್ ಸಾಯ್ತಾ ಇದ್ದದ್ದಕ್ಕೆ. ಓದೋಕಾಗದ ಜಾಗ ಸಿಕ್ಕಾಗೆಲ್ಲ ಡಿಸ್ಕ್ ಅಲ್ಲೇ ಮತ್ತೆಮತ್ತೆ ಪ್ರಯತ್ನ ಮಾಡ್ತದೆ, ನಿಮಗೆ ಅದು ಹ್ಯಾಂಗ್ ಆದಂಗೆ ಕಾಣ್ತದೆ. ಸಾಮಾನ್ಯ ಕ್ಲೋನ್ ಸಾಫ್ಟ್‌ವೇರ್ ಆ ಜಾಗದಲ್ಲಿ ಮಂಡಿಯೂರಿ ನಿಂತುಬಿಡ್ತದೆ. ಚೆಕ್‌ಡಿಸ್ಕ್ ಅಂತೂ ಫೈಲ್ ಸಿಸ್ಟಮ್ ಸರಿ ಮಾಡೋ ಭರದಲ್ಲಿ ಡಿಸ್ಕಿಗೆ ಬರೀತದೆ, ಅರೆಜೀವದ ಡಿಸ್ಕಿಗೆ ಬರೆಯೋದು ಅಂದ್ರೆ ಇದ್ದದ್ದನ್ನೂ ಕಳ್ಕೊಳ್ಳೋದು. ಫ್ರಿಜ್ಜಿನ ಉಪಾಯ ಅದೆಲ್ಲಿಂದ ಬಂತೋ, ನಮ್ಮ ಹವೆಯಲ್ಲಿ ಫ್ರಿಜ್ಜಿಂದ ಹೊರಗೆ ತೆಗೆದ ಸ್ಟೀಲ್ ಲೋಟದ ಮೇಲೆ ಏನು ಕೂರ್ತದೆ ನೋಡಿದೀರಲ್ಲ, ಅದೇ ನೀರು ಡಿಸ್ಕಿನೊಳಗೆ ಪ್ಲೇಟರ್ (ಡೇಟಾ ಇರೋ ತಟ್ಟೆ) ಮೇಲೂ ಕೂರ್ತದೆ.

ಈಗ ನಿರ್ಧಾರ ಶಬ್ದದ ಮೇಲೆ. ಆನ್ ಮಾಡಿದ ಕೂಡ್ಲೆ ಒಂದೇ ತಾಳದಲ್ಲಿ ಟಕ್ ಟಕ್ ಟಕ್ ಅಂತ ಹೊಡೀತಾ ಬಯೋಸಲ್ಲೂ ಕಾಣ್ದೇ ಹೋದ್ರೆ ಒಳಗಿನ ಹೆಡ್ (ತಟ್ಟೆ ಮೇಲಿನ ಡೇಟಾ ಓದೋ ಭಾಗ) ಹೋಗಿದೆ, ಮನೇಲಿ ಮಾಡೋದು ಏನೂ ಇಲ್ಲ, ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರೋ ಡೇಟಾ ರಿಕವರಿಯವ್ರಿಗೇ ಕಳಿಸ್ಬೇಕು, ಖರ್ಚು ಜಾಸ್ತಿ, ರೆಕಾರ್ಡಿಂಗಿಗೆ ಅಷ್ಟು ಬೆಲೆ ಇದ್ಯಾ ಅಂತ ಅಪ್ಪಯ್ಯನ ಹತ್ರಾನೇ ಕೇಳಿ. ಊರಲ್ಲಿ ಯಾರಾದ್ರೂ ‘ಬಿಚ್ಚಿ ನೋಡ್ತೇನೆ’ ಅಂದ್ರೆ ಕೊಡ್ಬೇಡಿ. ಆದ್ರೆ ನಿಮ್ಮದು ಅರುವತ್ತು ಪರ್ಸೆಂಟ್ ತನಕ ಓದಿದೆ ಅಂದ್ರೆ ಇನ್ನೂ ಜೀವ ಇದೆ ಅಂತಲೇ ನನ್ನ ಲೆಕ್ಕ.

ಹಾಗಿದ್ರೆ ಗಟ್ಟಿ ಇರೋ ಇನ್ನೊಂದು ಕಂಪ್ಯೂಟರಿಗೆ ಈ ಡಿಸ್ಕನ್ನೂ ಅದಕ್ಕಿಂತ ದೊಡ್ಡ ಒಂದು ಎಕ್ಸ್‌ಟರ್ನಲ್ ಡಿಸ್ಕನ್ನೂ ಹಾಕಿ, ಸಿಸ್ಟಮ್‌ರೆಸ್ಕ್ಯೂ ಅನ್ನೋ ಉಚಿತ ಲಿನಕ್ಸ್ (ವಿಂಡೋಸ್ ಬದಲಿಗೆ ಓಡೋ ಇನ್ನೊಂದು ವ್ಯವಸ್ಥೆ) ಪೆನ್‌ಡ್ರೈವಿಂದ ಬೂಟ್ ಮಾಡಿ, ಅದ್ರಲ್ಲಿರೋ ಡಿಡಿರೆಸ್ಕ್ಯೂ ಬಳಸ್ಬೇಕು. ಅದು ಸುಲಭಕ್ಕೆ ಓದೋ ಜಾಗವನ್ನೆಲ್ಲ ಮೊದ್ಲು ಎತ್ಕೊಂಡು ಕೆಟ್ಟ ಜಾಗಕ್ಕೆ ಕೊನೇಗೆ ಬರ್ತದೆ, ಎಲ್ಲಿ ತನಕ ಆಯ್ತು ಅಂತ ಒಂದು ಮ್ಯಾಪ್ ಫೈಲಲ್ಲಿ ಬರೆದಿಟ್ಕೊಳ್ತದೆ, ಹಾಗಾಗಿ ನಡುವೆ ಕರೆಂಟ್ ಹೋದ್ರೂ ಬಿಟ್ಟಲ್ಲಿಂದಲೇ ಶುರು. ಆದ್ರೂ ಇನ್‌ವರ್ಟರ್ ಇದ್ದ ಮನೇಲೇ ಮಾಡಿ. ಯಾವ ಡಿಸ್ಕಿಂದ ಯಾವ ಡಿಸ್ಕಿಗೆ ಅನ್ನೋದನ್ನ ಉಲ್ಟಾ ಕೊಟ್ರೆ ಖಾಲಿ ಡಿಸ್ಕು ತಾಳಮದ್ದಲೆ ಮೇಲೆ ಕಾಪಿ ಆಗ್ತದೆ, ಅದಕ್ಕೆ ಲಿನಕ್ಸ್ ಗೊತ್ತಿದ್ದೋರನ್ನ ಪಕ್ಕ ಕೂರಿಸ್ಕೊಂಡು, ಸೈಜು ಮತ್ತೆ ಸೀರಿಯಲ್ ನಂಬರ್ ಎರಡೂ ನೋಡಿ ಎಂಟರ್ ಒತ್ತಿ. ಫೈಲೆಲ್ಲ ಆಮೇಲೆ ಆ ಕಾಪಿಯಿಂದ ತೆಗೆಯೋದು. ಎಸ್‌ಎಸ್‌ಡಿಗೆ ವಿಂಡೋಸ್ ಹೊಸ್ದಾಗಿ ಹಾಕಿ, ಕೆಟ್ಟ ಡಿಸ್ಕಿಂದ ವಿಂಡೋಸನ್ನ ಹೊತ್ಕೊಂಡು ಬರೋದ್ರಲ್ಲಿ ಏನೂ ಲಾಭ ಇಲ್ಲ.

ಕುಮಟೆಯಿಂದ: 550 ಎಂಬಿ ಸ್ಪೀಡ್ ಅಂತ ಬಾಕ್ಸ್ ಮೇಲಿತ್ತು, ಟೆಸ್ಟ್ ಮಾಡಿದ್ರೆ 270 ಬರ್ತದೆ. ಲ್ಯಾಪ್‌ಟಾಪ್ 2010ರದ್ದು.

ಉತ್ತರ: 2010ರ ಲ್ಯಾಪ್‌ಟಾಪಿಗೆ 270 ಅಂದ್ರೆ ಪೂರ್ತಿ ಸ್ಪೀಡ್. ನಿಮ್ಮ ಬೋರ್ಡಿನ ಸಾಟಾ ಎರಡನೇ ತಲೆಮಾರಿನದು, ಸೆಕೆಂಡಿಗೆ 3 ಗಿಗಾಬಿಟ್, ಲೆಕ್ಕದಲ್ಲೇ 300 ಎಂಬಿ ಮೇಲೆ ಹೋಗೋಕೆ ಸಾಧ್ಯ ಇಲ್ಲ. 550 ಬೇಕಂದ್ರೆ 6 ಗಿಗಾಬಿಟ್ ಬೇಕು. ಆದ್ರೆ ನಿಮಗೆ ಫರಕ್ ಗೊತ್ತಾಗೋದು ಈ ನಂಬರಿಂದ ಅಲ್ಲ, ಹಾರ್ಡ್ ಡಿಸ್ಕಿನ ಹೆಡ್ ಪ್ರತೀ ಸಣ್ಣ ಫೈಲಿಗೂ ಓಡಾಡೋಕೆ ಹತ್ತು ಮಿಲಿಸೆಕೆಂಡ್ ಮೇಲೆ ತಗೋತದೆ, ಎಸ್‌ಎಸ್‌ಡಿಗೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ. ದುಡ್ಡು ಇನ್ನೂ ಇದ್ರೆ ರ‍್ಯಾಮ್ ಎರಡರಿಂದ ನಾಲ್ಕು ಜಿಬಿ ಮಾಡ್ಸಿ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ವಿಂಡೋಸ್ 11 ಈ ಯಂತ್ರಕ್ಕೆ ಅಧಿಕೃತವಾಗಿ ಬರೋದಿಲ್ಲ. ಪತ್ರ, ಬ್ರೌಸಿಂಗ್, ಯೂಟ್ಯೂಬಲ್ಲಿ ಆಟ ನೋಡೋದು ಇಷ್ಟೇ ಆದ್ರೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕ್ಕೊಳಿ, ಇಂಥ ಮಷೀನಿಗೆ ನಾನು ಹಾಕೋದು ಅದೇ.

ಸಿದ್ದಾಪುರದಿಂದ: ಎಸ್‌ಎಸ್‌ಡಿ ಹಾಕ್ಸಿ ಬಂದ್ಮೇಲೆ ಸಂಘದ ಹಳೇ ವರದಿ, ಆಮಂತ್ರಣ ಪತ್ರಿಕೆ ಎಲ್ಲಾ ಇಂಗ್ಲಿಷ್ ಅಕ್ಷರದ ಕಸದ ತರ ಕಾಣ್ತದೆ. ಡೇಟಾ ಹಾಳಾಯ್ತಾ?

ಉತ್ತರ: ಒಂದಕ್ಷರವೂ ಹಾಳಾಗಿಲ್ಲ. ಅವೆಲ್ಲ ಯುನಿಕೋಡ್ (ಯಾವ ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಅಕ್ಷರ ಪದ್ಧತಿ) ಬರೋಕೂ ಮುಂಚಿನ ಪದ್ಧತೀಲಿ, ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು. ಹೊಸ್ದಾಗಿ ವಿಂಡೋಸ್ ಹಾಕಿದಾಗ ಫೈಲ್ ಬಂತು, ಫಾಂಟ್ ಹಳೇ ಡಿಸ್ಕಲ್ಲೇ ಉಳೀತು. ಅಂಗಡಿಯವ್ರ ಹತ್ರ ಹಳೇ ಡಿಸ್ಕ್ ಇದ್ರೆ ಇವತ್ತೇ ಇಸ್ಕೊಂಡು ಬನ್ನಿ, ಫಾರ್ಮ್ಯಾಟ್ ಮಾಡಿ ಡಿವಿಡಿ ಜಾಗಕ್ಕೆ ಕ್ಯಾಡೀಲಿ (ಡಿಸ್ಕ್ ಕೂರಿಸೋ ಚೌಕಟ್ಟಲ್ಲಿ) ಹಾಕ್ಕೊಡ್ತೇನೆ ಅಂತಾರೆ, ಈಗ್ಲೇ ಬೇಡ ಅನ್ನಿ. ಯುಎಸ್‌ಬಿ ಕೇಸಿಗೆ ಹಾಕಿ ಅದ್ರ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸಿಂದ ನುಡಿ 01 ಇ ಮತ್ತೆ ಅದ್ರ ಬಳಗವನ್ನೆಲ್ಲ ಕಾಪಿ ಮಾಡಿ ಹೊಸದ್ರಲ್ಲಿ ಇನ್‌ಸ್ಟಾಲ್ ಮಾಡಿ, ಕಡತ ಮೊದ್ಲಿನ ಹಾಗೇ ತೆರ್ಕೊಳ್ತದೆ. ಬರಹದಲ್ಲಿ ಟೈಪ್ ಮಾಡಿದ್ದಿದ್ರೆ ಬರಹದ ಫಾಂಟೂ ಹೀಗೇ. ಮುಂದೆ ಬೇಕಾಗೋ ಕಡತಗಳನ್ನ ಮಾತ್ರ ಯುನಿಕೋಡಿಗೆ ಬದಲಾಯ್ಸಿ ಬೇರೆ ಹೆಸರಲ್ಲಿ ಸೇವ್ ಮಾಡಿ, ಮೂಲದ್ದನ್ನ ಅಳಿಸ್ಬೇಡಿ, ಒತ್ತಕ್ಷರ ಅಲ್ಲಲ್ಲಿ ತಪ್ಪಿರ್ತದೆ, ಕೂತು ತಿದ್ದಬೇಕು.